ಮೊಣಕೈ ಮೇಲಿನ ಜೇನು: ಜಯಾಬೆನ್ ದೇಸಾಯಿ ಮತ್ತು ಗ್ರನ್ವಿಕ್ ಮುಷ್ಕರ

1976ರ ಆಗಸ್ಟ್ 20, ಶುಕ್ರವಾರ. ಇಂಗ್ಲೆಂಡು ಅಪರೂಪಕ್ಕೆ ಕಾಣುವಂಥ ಉರಿಬಿಸಿಲಿನ ಬೇಸಿಗೆ ಅದು. ಲಂಡನ್ನಿನ ವಾಯವ್ಯಕ್ಕಿರುವ ವಿಲ್ಸ್‌ಡನ್‌ನಲ್ಲಿ ಗ್ರನ್ವಿಕ್ ಎಂಬ ಫೋಟೋ ಸಂಸ್ಕರಣೆಯ ಕಾರ್ಖಾನೆ. ಜನ ರಜೆಯಲ್ಲಿ ತೆಗೆದ ಫೋಟೋಗಳ ಫಿಲ್ಮ್ ರೋಲನ್ನು ಲಕೋಟೆಗೆ ಹಾಕಿ ಅಂಚೆಯಲ್ಲಿ ಕಳಿಸುತ್ತಿದ್ದರು. ಗ್ರನ್ವಿಕ್ ಅದನ್ನು ತೊಳೆದು, ಪ್ರಿಂಟ್ ಹಾಕಿ, ಅಂಚೆಯಲ್ಲೇ ಹಿಂದಿರುಗಿಸುತ್ತಿತ್ತು. ಬೇಸಿಗೆ ಬಂದರೆ ಲಕೋಟೆಗಳ ರಾಶಿ. ಅವುಗಳನ್ನು ಬಿಡಿಸಿ ವಿಂಗಡಿಸುವ ವಿಭಾಗದಲ್ಲಿ ಹವಾನಿಯಂತ್ರಣ ಇರಲಿಲ್ಲ. ಗಾಜಿನ ಕೋಣೆಯೊಳಗೆ ಕುಳಿತ ಮ್ಯಾನೇಜರ್ ಎಲ್ಲರನ್ನೂ ನೋಡುತ್ತಿದ್ದ. ಶೌಚಾಲಯಕ್ಕೆ ಹೋಗಬೇಕೆಂದರೆ ಶಾಲೆಯ ಮಕ್ಕಳಂತೆ ಕೈ ಎತ್ತಿ ಅಪ್ಪಣೆ ಕೇಳಬೇಕಿತ್ತು.

ಅಂದು ದೇವ್ಶಿ ಭುಡಿಯಾ ಎಂಬ ಹುಡುಗನನ್ನು, ಕೆಲಸ ನಿಧಾನವಾಯಿತೆಂದು ಹೇಳಿ ವಜಾ ಮಾಡಿದರು. ಅವನ ಜೊತೆಗಾರರು ಮೂವರು ಅವನ ಹಿಂದೆಯೇ ಹೊರಗೆ ನಡೆದರು. ಸಂಜೆ, ಮನೆಗೆ ಹೊರಡಲು ಸಾಮಾನು ಎತ್ತಿಡುತ್ತಿದ್ದ 43 ವರ್ಷದ ಹೆಂಗಸೊಬ್ಬರಿಗೆ ಓವರ್‌ಟೈಮ್ ಮಾಡಬೇಕೆಂಬ ಆಜ್ಞೆ ಬಂತು. ಆಕೆ ಒಪ್ಪಲಿಲ್ಲ. ಮಾತಿಗೆ ಮಾತು ಬೆಳೆಯಿತು. ಎತ್ತರ ಐದಡಿಯೂ ಇಲ್ಲದ, ಸೀರೆ ಉಟ್ಟಿದ್ದ ಆ ಹೆಂಗಸು ಮ್ಯಾನೇಜರನಿಗೆ ಹೇಳಿದ ಮಾತು ಇದು: "ನೀವು ನಡೆಸುತ್ತಿರುವುದು ಕಾರ್ಖಾನೆಯಲ್ಲ, ಮೃಗಾಲಯ. ಮೃಗಾಲಯದಲ್ಲಿ ಹಲವು ಬಗೆಯ ಪ್ರಾಣಿಗಳಿರುತ್ತವೆ. ನಿಮ್ಮ ಬೆರಳ ತುದಿಯಲ್ಲಿ ಕುಣಿಯುವ ಕೋತಿಗಳೂ ಇರುತ್ತವೆ, ನಿಮ್ಮ ತಲೆಯನ್ನೇ ಕಚ್ಚಿಹಾಕುವ ಸಿಂಹಗಳೂ ಇರುತ್ತವೆ. ನಾವು ಆ ಸಿಂಹಗಳು, ಮ್ಯಾನೇಜರ್ ಸಾಹೇಬರೇ."

ಹೀಗೆ ಹೇಳಿ, ರಜೆಯಲ್ಲಿ ಅಲ್ಲೇ ಕೆಲಸಕ್ಕೆ ಸೇರಿದ್ದ ಮಗ ಸುನಿಲ್‌ನನ್ನು ಕರೆದುಕೊಂಡು ಹೊರಟೇಬಿಟ್ಟರು. ಅವರೇ ಜಯಾಬೆನ್ ದೇಸಾಯಿ.

ಈ ಸಿಂಹದ ಮಾತನ್ನು ಉಲ್ಲೇಖಿಸದ ಬರಹವಿಲ್ಲ. ಆದರೆ ಆ ಮಾತಿನ ನಂತರ ಸುಮಾರು ಎರಡು ವರ್ಷ ನಡೆದ ಹೋರಾಟದಲ್ಲಿ ಜಯಾಬೆನ್ ಸೋತರು. ಇಪ್ಪತ್ತು ಸಾವಿರ ಜನ ಬೆಂಬಲಕ್ಕೆ ಬಂದರು, ಸರ್ಕಾರ ನೇಮಿಸಿದ ವಿಚಾರಣಾ ಸಮಿತಿ ಅವರ ಪರವಾಗಿ ಹೇಳಿತು, ಕಾರ್ಮಿಕರಿಗಾಗಿಯೇ ಬರೆದ ಹೊಸ ಕಾನೂನೊಂದು ಜಾರಿಯಲ್ಲಿತ್ತು. ಇಷ್ಟೆಲ್ಲ ಇದ್ದೂ ಸೋತದ್ದು ಹೇಗೆ? ಇದನ್ನು ಬಿಡಿಸಿ ನೋಡಿದರೆ ಕಾರ್ಮಿಕ ಸಂಘ ಎಂಬುದು ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದು ಬೇರೆಲ್ಲಕ್ಕಿಂತ ಚೆನ್ನಾಗಿ ತಿಳಿಯುತ್ತದೆ.

ಮೊದಲು ಆಕೆ ಅಲ್ಲಿಗೆ ಬಂದ ದಾರಿ. ಜಯಾಬೆನ್ ಹುಟ್ಟಿದ್ದು 1933ರಲ್ಲಿ, ಗುಜರಾತಿನ ಧರ್ಮಜ್‌ನಲ್ಲಿ. ಆಫ್ರಿಕಕ್ಕೂ ಇಂಗ್ಲೆಂಡಿಗೂ ವಲಸೆ ಹೋದವರಿಗೆ ಹೆಸರಾದ ಊರು ಅದು. ಟಾಂಗನ್ಯೀಕದಲ್ಲಿ (ಇಂದಿನ ಟಾಂಜಾನಿಯ) ಟೈರ್ ಕಾರ್ಖಾನೆಯ ಮ್ಯಾನೇಜರ್ ಆಗಿದ್ದ ಸೂರ್ಯಕಾಂತ್ ಅವರನ್ನು 1955ರಲ್ಲಿ ಮದುವೆಯಾದರು, ಮುಂದೆ ತಾವೂ ಅಲ್ಲಿಗೆ ಹೋದರು. ಪೂರ್ವ ಆಫ್ರಿಕದ ದೇಶಗಳು ಸ್ವತಂತ್ರವಾಗಿ ಉದ್ಯೋಗಗಳೆಲ್ಲ ಆಫ್ರಿಕನ್ನರಿಗೆ ಎಂಬ ನೀತಿ ಬಂದಾಗ, 1960ರ ದಶಕದ ಕೊನೆಯಲ್ಲಿ, ಬ್ರಿಟಿಷ್ ಪಾಸ್‌ಪೋರ್ಟ್ ಹಿಡಿದಿದ್ದ ಸಾವಿರಾರು ಗುಜರಾತಿ ಕುಟುಂಬಗಳಂತೆ ಅವರೂ ಲಂಡನ್ನಿಗೆ ಬಂದರು. ಅಲ್ಲಿ ಮ್ಯಾನೇಜರ್ ಆಗಿದ್ದ ಗಂಡ ಇಲ್ಲಿ ಕೂಲಿಯ ಕೆಲಸ ಹಿಡಿದರು. ಜಯಾಬೆನ್ ಹೊಲಿಗೆ ಯಂತ್ರದ ಮುಂದೆ ಕುಳಿತರು. 1974ರಲ್ಲಿ ಗ್ರನ್ವಿಕ್ ಸೇರಿದರು.

'ಬೆನ್' ಎಂದರೆ ಗುಜರಾತಿಯಲ್ಲಿ ಅಕ್ಕ ಅಥವಾ ತಂಗಿ. ನಮ್ಮಲ್ಲಿ ಹೆಸರಿನ ಜೊತೆ 'ಅಕ್ಕ' ಸೇರಿಸಿ ಕರೆಯುವಂತೆ. ಕಾರ್ಖಾನೆಯ ಹೆಚ್ಚಿನ ಕಾರ್ಮಿಕರು ಏಷ್ಯಾ ಮೂಲದವರು, ಅವರಲ್ಲಿ ಬಹುಪಾಲು ಪೂರ್ವ ಆಫ್ರಿಕದಿಂದ ಬಂದ ಗುಜರಾತಿ ಹೆಂಗಸರು. ವಾರದ ಸಂಬಳ ಸುಮಾರು 28 ಪೌಂಡ್. ಆಗ ದೇಶದ ಸರಾಸರಿ ವಾರದ ಸಂಬಳ 72 ಪೌಂಡ್. ಲಂಡನ್ನಿನಲ್ಲಿ ಮೈಮುರಿದು ದುಡಿಯುವ ಹೆಂಗಸರಿಗೂ ಸರಾಸರಿ 44 ಪೌಂಡ್ ಸಿಗುತ್ತಿತ್ತು. ಹೊಸ ದೇಶ, ಬಾರದ ಭಾಷೆ, ತಿಂಗಳ ಬಾಡಿಗೆ. ಇವರು ಬಾಯಿ ಬಿಡುವುದಿಲ್ಲ ಎಂಬ ಲೆಕ್ಕದ ಮೇಲೆಯೇ ಆ ಸಂಬಳ ನಿಂತಿತ್ತು.

ಕಾರ್ಖಾನೆಯ ಮಾಲೀಕ ಜಾರ್ಜ್ ವಾರ್ಡ್ ಹುಟ್ಟಿದ್ದು ದೆಹಲಿಯಲ್ಲಿ, ಆಂಗ್ಲೋ-ಇಂಡಿಯನ್ ಕುಟುಂಬದಲ್ಲಿ. ಬಿಳಿಯ ಧಣಿ, ಕಂದು ಆಳು ಎಂಬ ಸರಳ ಚಿತ್ರಕ್ಕೆ ಈ ಕಥೆ ಪೂರ್ತಿ ಒಗ್ಗುವುದಿಲ್ಲ. ಒಮ್ಮೆ ವಾರ್ಡ್, ಸೀರೆ ಉಟ್ಟುಕೊಂಡು ನೀವು ಗೆಲ್ಲಲಾರಿರಿ, ಮಿನಿ ಸ್ಕರ್ಟಿನಲ್ಲಿ ನಿಮ್ಮನ್ನು ನೋಡಬೇಕು ಎಂದರಂತೆ. ಶ್ರೀಮತಿ ಗಾಂಧಿಯೂ ಸೀರೆಯನ್ನೇ ಉಡುತ್ತಾರೆ, ಅಷ್ಟು ದೊಡ್ಡ ದೇಶವನ್ನು ಆಳುತ್ತಿದ್ದಾರೆ ಎಂದು ತಾವು ಉತ್ತರ ಕೊಟ್ಟದ್ದಾಗಿ ಜಯಾಬೆನ್ ನೆನಪಿಸಿಕೊಂಡಿದ್ದಾರೆ.

ಹೊರಗೆ ಬಂದವರಿಗೆ ಸಂಘ ಇರಲಿಲ್ಲ. ಸಂಘಕ್ಕೆ ಸೇರುವುದು ಹೇಗೆ ಎಂಬುದೂ ಗೊತ್ತಿರಲಿಲ್ಲ. ಸುನಿಲ್ ಸಾರ್ವಜನಿಕರಿಗೆ ಉಚಿತವಾಗಿ ಸಲಹೆ ನೀಡುವ ಕೇಂದ್ರಕ್ಕೆ ಹೋಗಿ ವಿಚಾರಿಸಿದ. ಅಲ್ಲಿಂದ ಬ್ರೆಂಟ್ ಪ್ರದೇಶದ ಕಾರ್ಮಿಕ ಸಂಘಗಳ ಒಕ್ಕೂಟದ ಕಾರ್ಯದರ್ಶಿ ಜ್ಯಾಕ್ ಡ್ರೋಮಿ ಅವರ ಸಂಪರ್ಕ ಸಿಕ್ಕಿತು. ಬ್ರಿಟನ್ನಿನ ಕಾರ್ಮಿಕ ಸಂಘಗಳ ಮಹಾಒಕ್ಕೂಟವಾದ ಟಿಯುಸಿ, ಕಚೇರಿ ನೌಕರರ ಸಂಘವಾದ ಏಪೆಕ್ಸ್‌ಗೆ ಸೇರಿಕೊಳ್ಳಿ ಎಂದಿತು. ಸೇರಿದರು. ಸುಮಾರು 490 ಕಾರ್ಮಿಕರಲ್ಲಿ 137 ಮಂದಿ ಗೇಟಿನ ಹೊರಗೆ. ಸೆಪ್ಟೆಂಬರ್ ಮೊದಲ ವಾರದಲ್ಲೇ ಕಂಪನಿ ಆ 137 ಮಂದಿಯನ್ನೂ ಒಟ್ಟಿಗೆ ವಜಾ ಮಾಡಿತು.

ಈ 'ಒಟ್ಟಿಗೆ' ಎಂಬ ಪದದಲ್ಲೇ ಕಾನೂನಿನ ಮೊದಲ ಕುಣಿಕೆ ಅಡಗಿದೆ. ಆಗಿನ ಬ್ರಿಟಿಷ್ ಕಾನೂನಿನ ಪ್ರಕಾರ ಮುಷ್ಕರ ಹೂಡಿದವರಲ್ಲಿ ಕೆಲವರನ್ನು ಮಾತ್ರ ಆರಿಸಿ ಕೆಲಸದಿಂದ ತೆಗೆದರೆ ಅದು ಅನ್ಯಾಯವೇ ಎಂದು ಕಾರ್ಮಿಕ ನ್ಯಾಯಮಂಡಳಿ ವಿಚಾರಿಸಬಹುದಿತ್ತು. ಎಲ್ಲರನ್ನೂ ತೆಗೆದರೆ ವಿಚಾರಿಸುವ ಅಧಿಕಾರವೇ ಅದಕ್ಕೆ ಇರಲಿಲ್ಲ. ಒಬ್ಬರನ್ನು ತೆಗೆದರೆ ತಪ್ಪಾಗಬಹುದಾದದ್ದು, ನೂರಮೂವತ್ತೇಳು ಜನರನ್ನು ತೆಗೆದರೆ ಪ್ರಶ್ನೆಗೇ ಸಿಗುವುದಿಲ್ಲ. ಕೆಲಸ ಕಳೆದುಕೊಂಡವರಿಗೆ ನ್ಯಾಯಮಂಡಳಿಯ ಬಾಗಿಲು ಮುಚ್ಚಿತು.

ಉಳಿದದ್ದು ಇನ್ನೊಂದು ಬಾಗಿಲು: ಮಾನ್ಯತೆ. ನಮ್ಮಲ್ಲೂ ಬಹಳ ಗೊಂದಲವಿರುವ ವಿಷಯವಾದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಸಂಘ ಕಟ್ಟುವುದು ಒಂದು, ಆ ಸಂಘದ ಜೊತೆ ಮಾಲೀಕ ಕುಳಿತು ಮಾತನಾಡುವುದು ಇನ್ನೊಂದು. ಭಾರತದ 1926ರ ಕಾರ್ಮಿಕ ಸಂಘಗಳ ಕಾಯ್ದೆ ಸಂಘವನ್ನು ನೋಂದಾಯಿಸುವ ಹಕ್ಕು ಕೊಟ್ಟಿತು. ನೋಂದಾಯಿತ ಸಂಘವನ್ನು ಮಾಲೀಕ ಮಾನ್ಯ ಮಾಡಲೇಬೇಕು ಎಂದು ಅದು ಹೇಳಲಿಲ್ಲ. ಹೀಗಾಗಿ ಸಂಘದ ನೋಂದಣಿ ಪತ್ರ ಕೈಯಲ್ಲಿದ್ದೂ, ಸಂಬಳದ ಮಾತುಕತೆಗೆ ಕರೆಯೇ ಬಾರದ ಸಂಘಗಳು ನಮ್ಮ ಕೈಗಾರಿಕಾ ಪ್ರದೇಶಗಳಲ್ಲಿ ಬೇಕಾದಷ್ಟಿವೆ. ಮದುವೆ ಮಂಟಪದವರೆಗೆ ಬಂದೂ ಊಟದ ಪಂಕ್ತಿಯಲ್ಲಿ ಎಲೆ ಸಿಗದವರ ಸ್ಥಿತಿ ಅದು. ಮಾನ್ಯತೆ ಎಂದರೆ ಆ ಎಲೆ.

ಬ್ರಿಟನ್ನಿನ ಲೇಬರ್ ಸರ್ಕಾರ 1975ರಲ್ಲಿ ಉದ್ಯೋಗ ರಕ್ಷಣಾ ಕಾಯ್ದೆಯನ್ನು ತಂದು ಈ ಕೊರತೆಯನ್ನು ತುಂಬಲು ನೋಡಿತ್ತು. ಮಾಲೀಕ ಮಾನ್ಯತೆ ಕೊಡದಿದ್ದರೆ ಸಂಘ ಏಕಾಸ್ ಎಂಬ ಸ್ವತಂತ್ರ ಸಂಧಾನ ಸಂಸ್ಥೆಗೆ ದೂರು ಒಯ್ಯಬಹುದು. ಏಕಾಸ್ ಕಾರ್ಮಿಕರ ಅಭಿಪ್ರಾಯ ತಿಳಿದುಕೊಂಡು ಶಿಫಾರಸು ಮಾಡಬೇಕು. ಮಾಲೀಕ ಅದನ್ನೂ ಒಪ್ಪದಿದ್ದರೆ ಪ್ರಕರಣ ಪಂಚಾಯಿತಿ ಸಮಿತಿಯೊಂದಕ್ಕೆ ಹೋಗುತ್ತದೆ, ಅದು ಕಾರ್ಮಿಕರ ಸಂಬಳ ಮತ್ತು ಸೇವಾ ನಿಯಮಗಳನ್ನು ತಾನೇ ನಿಗದಿ ಮಾಡಬಹುದು. ಕಾಗದದ ಮೇಲೆ ಒಳ್ಳೆಯ ಏರ್ಪಾಡು.

ಏಪೆಕ್ಸ್ ದೂರು ಕೊಟ್ಟಿತು. ಏಕಾಸ್ ಕಾರ್ಮಿಕರಿಗೆ ಪ್ರಶ್ನಾವಳಿ ಕಳಿಸಲು ಮುಂದಾಯಿತು. ಕಳಿಸಲು ಹೆಸರು ಬೇಕು, ವಿಳಾಸ ಬೇಕು. ಹೊರಗಿದ್ದವರ ವಿಳಾಸ ಸಂಘದ ಬಳಿ ಇತ್ತು. ಒಳಗೆ ಕೆಲಸ ಮಾಡುತ್ತಿದ್ದವರ ವಿಳಾಸ ಕಂಪನಿಯ ಬಳಿ ಮಾತ್ರ ಇತ್ತು, ಕಂಪನಿ ಕೊಡಲಿಲ್ಲ. ಏಕಾಸ್ ಹೊರಗಿದ್ದವರನ್ನಷ್ಟೇ ಕೇಳಿತು. ಬಂದ ಉತ್ತರಗಳು ಹೆಚ್ಚುಕಡಿಮೆ ಎಲ್ಲವೂ ಸಂಘದ ಪರ. ಅದರ ಆಧಾರದ ಮೇಲೆ 1977ರ ಮಾರ್ಚ್‌ನಲ್ಲಿ ಮಾನ್ಯತೆಗೆ ಶಿಫಾರಸು ಮಾಡಿತು. ಕಂಪನಿ ನ್ಯಾಯಾಲಯಕ್ಕೆ ಹೋಯಿತು. ಮೊದಲ ಸುತ್ತಿನಲ್ಲಿ ಏಕಾಸ್ ಗೆದ್ದಿತು. ಜುಲೈ ಕೊನೆಯಲ್ಲಿ ಮೇಲ್ಮನವಿ ನ್ಯಾಯಾಲಯದ ಲಾರ್ಡ್ ಡೆನ್ನಿಂಗ್ ಮತ್ತು ಜೊತೆಯ ನ್ಯಾಯಮೂರ್ತಿಗಳು ಅದನ್ನು ತಿರುಗಿಸಿದರು. ಡಿಸೆಂಬರ್ 14ರಂದು, ಆಗ ದೇಶದ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ಅಂತಿಮ ತೀರ್ಪು ಕೊಟ್ಟಿತು: ಕಾರ್ಮಿಕರಲ್ಲಿ ಸುಮಾರು ಮೂರನೇ ಎರಡು ಪಾಲು ಜನರ ಅಭಿಪ್ರಾಯ ಕೇಳದೆ ಮಾಡಿದ ಶಿಫಾರಸು ಅಸಿಂಧು.

ಕಾಯ್ದೆಯಲ್ಲಿ ಅಭಿಪ್ರಾಯ ತಿಳಿಯಲೇಬೇಕೆಂದು ಬರೆದಿದೆ, ತಿಳಿದಿಲ್ಲ, ಆದ್ದರಿಂದ ಅಸಿಂಧು. ಅಕ್ಷರಕ್ಕೆ ಅಕ್ಷರ ನೋಡಿದರೆ ಈ ತರ್ಕದಲ್ಲಿ ತಪ್ಪು ಹುಡುಕುವುದು ಕಷ್ಟ. ಆದರೆ ಆ ಅಭಿಪ್ರಾಯ ತಿಳಿಯದಂತೆ ಮಾಡಿದ್ದು ಯಾರು? ವಿಳಾಸ ಬಚ್ಚಿಟ್ಟವರೇ ವಿಳಾಸ ಸಿಗದ ಲಾಭವನ್ನೂ ಪಡೆದರು. ಕಾರ್ಮಿಕರಿಗೆ ಹಕ್ಕನ್ನು ಕೊಟ್ಟ ಕಾಯ್ದೆ, ಅದರ ಬೀಗದ ಕೈಯನ್ನು ಮಾಲೀಕನ ಜೇಬಿನಲ್ಲೇ ಬಿಟ್ಟಿತ್ತು. ಗ್ರನ್ವಿಕ್ ಬಗ್ಗೆ ಓದುವಾಗಲೆಲ್ಲ ನನಗೆ ಪೊಲೀಸರ ಲಾಠಿಗಿಂತ ಈ ವಿಳಾಸದ ಪಟ್ಟಿಯೇ ಹೆಚ್ಚು ಕಾಡುತ್ತದೆ.

ನ್ಯಾಯಾಲಯದ ಹೊರಗಿನ ದಾರಿ ಬೇರೆ. ಗ್ರನ್ವಿಕ್‌ನ ಜೀವ ಇದ್ದದ್ದು ಅಂಚೆಯಲ್ಲಿ. ಫಿಲ್ಮ್ ಬರುವುದೂ ಅಂಚೆಯಲ್ಲಿ, ಪ್ರಿಂಟ್ ಹೋಗುವುದೂ ಅಂಚೆಯಲ್ಲಿ. ಹತ್ತಿರದ ಕ್ರಿಕಲ್‌ವುಡ್ ಅಂಚೆ ಕಚೇರಿಯ ನೌಕರರು ಆ ಚೀಲಗಳನ್ನು ಮುಟ್ಟುವುದಿಲ್ಲ ಎಂದರೆ ಸಾಕು, ಕಾರ್ಖಾನೆ ಉಸಿರು ಕಟ್ಟಿ ಕೂರಬೇಕಿತ್ತು. 1976ರ ನವೆಂಬರ್‌ನಲ್ಲಿ ಅವರು ಹಾಗೆಯೇ ಮಾಡಿದರು. ಕೆಲವೇ ದಿನ. ಸ್ವಾತಂತ್ರ್ಯದ ಹೆಸರಿಟ್ಟುಕೊಂಡು ಸಂಘಗಳ ವಿರುದ್ಧ ಕಟ್ಟಿದ್ದ ನಾಫ್ ಎಂಬ ಬಲಪಂಥೀಯ ಗುಂಪು ಕೋರ್ಟಿನ ಬೆದರಿಕೆ ಒಡ್ಡಿತು. ಅಂಚೆಯನ್ನು ಬೇಕೆಂದೇ ತಡೆಯುವುದು 1953ರ ಅಂಚೆ ಕಾಯ್ದೆಯಡಿ ಅಪರಾಧ. ಏಕಾಸ್ ಪ್ರಕ್ರಿಯೆ ಶುರುವಾಗುತ್ತದೆ ಎಂಬ ಭರವಸೆಯ ಮೇಲೆ ಅಂಚೆ ನೌಕರರ ಸಂಘ ತಡೆಯನ್ನು ಹಿಂತೆಗೆದುಕೊಂಡಿತು. ಆ ಪ್ರಕ್ರಿಯೆ ಏನಾಯಿತೆಂದು ಮೇಲೆ ನೋಡಿದೆವು.

1977ರ ಜೂನ್‌ನಲ್ಲಿ ಕ್ರಿಕಲ್‌ವುಡ್ ನೌಕರರು ಮತ್ತೆ ಚೀಲ ಮುಟ್ಟಲು ಒಪ್ಪಲಿಲ್ಲ. ಅವರನ್ನು ಕೆಲಸದಿಂದ ಹೊರಗಿಟ್ಟರು. ಜುಲೈ 9ರ ರಾತ್ರಿ ನಾಫ್ ಸ್ವಯಂಸೇವಕರು ಕಾರ್ಖಾನೆಯಿಂದ ಅಂಚೆ ಚೀಲಗಳನ್ನು ಹೊರಗೆ ಸಾಗಿಸಿ, ದೇಶದ ಬೇರೆ ಬೇರೆ ಊರುಗಳ ಅಂಚೆ ಪೆಟ್ಟಿಗೆಗಳಿಗೆ ಹಂಚಿ ಹಾಕಿದರು. ಕೊನೆಗೆ ಅಂಚೆ ನೌಕರರ ಮೇಲೆ ಅವರದೇ ಸಂಘದ ಮುಖಂಡರು ಒತ್ತಡ ಹಾಕಿ ಕೆಲಸಕ್ಕೆ ಮರಳಿಸಿದರು. ಗೇಟಿನ ಮುಂದಿನ ಜನಸಾಗರದ ಫೋಟೋಗಳೇ ಇಂದು ಪ್ರಸಿದ್ಧ. ನನ್ನ ಮಟ್ಟಿಗೆ ಈ ಹೋರಾಟ ಗೆಲ್ಲಬಹುದಾಗಿದ್ದ ಜಾಗ ಕ್ರಿಕಲ್‌ವುಡ್‌ನ ಅಂಚೆ ವಿಂಗಡಣೆಯ ಕೋಣೆ.

ಆ ಜನಸಾಗರದ್ದೂ ಸಣ್ಣ ಮಾತಲ್ಲ. ಜೂನ್ 13ರಿಂದ ಸಾಮೂಹಿಕ ಪಿಕೆಟಿಂಗ್ ಶುರುವಾಯಿತು. ಪಿಕೆಟಿಂಗ್ ಎಂದರೆ ಕಾರ್ಖಾನೆಯ ಗೇಟಿನ ಮುಂದೆ ನಿಂತು ಒಳಗೆ ಹೋಗುವವರನ್ನು ಹೋಗಬೇಡಿ ಎಂದು ಕೇಳಿಕೊಳ್ಳುವುದು. ಮೊದಲ ದಿನವೇ 84 ಮಂದಿಯ ಬಂಧನವಾಯಿತು. ಯಾರ್ಕ್‌ಷೈರಿನಿಂದ ತಮ್ಮ ಮುಖಂಡ ಆರ್ಥರ್ ಸ್ಕಾರ್ಗಿಲ್ ಜೊತೆ ಕಲ್ಲಿದ್ದಲು ಗಣಿ ಕಾರ್ಮಿಕರು ಬಂದರು. ಜುಲೈ 11ರಂದು ಸೇರಿದವರು ಸುಮಾರು 20,000. ಲಂಡನ್ನಿನ ಬಂದರು ಕಾರ್ಮಿಕರೂ ತಮ್ಮ ಬ್ಯಾನರ್ ಹಿಡಿದು ಬಂದರು. ಅದರ ತೂಕ ತಿಳಿಯಬೇಕಾದರೆ ಒಂಬತ್ತು ವರ್ಷ ಹಿಂದೆ ಹೋಗಬೇಕು. 1968ರಲ್ಲಿ ವಲಸಿಗರ ವಿರುದ್ಧ ವಿಷ ಕಾರಿದ ಸಂಸದ ಇನಾಕ್ ಪೊವೆಲ್‌ನನ್ನು ಬೆಂಬಲಿಸಿ ಮೆರವಣಿಗೆ ಹೊರಟಿದ್ದವರು ಇದೇ ಲಂಡನ್ ಬಂದರಿನ ಕಾರ್ಮಿಕರು. 1974ರಲ್ಲಿ ಲೆಸ್ಟರ್‌ನ ಇಂಪೀರಿಯಲ್ ಟೈಪ್‌ರೈಟರ್ಸ್‌ನಲ್ಲಿ ಏಷ್ಯನ್ ಕಾರ್ಮಿಕರು ಮುಷ್ಕರ ಹೂಡಿದಾಗ ಅವರದೇ ಸಂಘ ಬೆನ್ನು ತಿರುಗಿಸಿತ್ತು. ಈಗ ಅದೇ ಬಿಳಿಯ ಕಾರ್ಮಿಕ ವರ್ಗ ಸೀರೆ ಉಟ್ಟ ಗುಜರಾತಿ ಹೆಂಗಸರ ಹಿಂದೆ ನಿಂತಿತು.

ಹೊರಗಿನ ಪೊಲೀಸರಿಗಿಂತ ಮೊದಲು ಮನೆಯೊಳಗಿನ ಕಾವಲನ್ನು ದಾಟಬೇಕಿತ್ತು. ಗೇಟಿನ ಮುಂದೆ ಗಂಡಸರ ಜೊತೆ ನಿಲ್ಲುವ ಹೆಣ್ಣುಮಕ್ಕಳ ಬಗ್ಗೆ ಬಂಧುಬಳಗದಲ್ಲಿ ಗುಸುಗುಸು ಹಬ್ಬಿತು. ಗಂಡ, ಅತ್ತೆ, ಅಪ್ಪ ತಡೆದರು. ಜಯಾಬೆನ್ ಮನೆಮನೆಗೆ ಹೋಗಿ ಆ ಮನೆಯವರನ್ನೇ ಒಪ್ಪಿಸಬೇಕಾಯಿತು. ಆಮೇಲೆ ಊರೂರು ಸುತ್ತಿ, ಸಾವಿರಾರು ಕಾರ್ಮಿಕರ ಸಭೆಗಳಲ್ಲಿ, ತಮಗೆ ಬಂದಷ್ಟು ಇಂಗ್ಲಿಷಿನಲ್ಲಿ ಮಾತನಾಡಿದರು. ಇದು ಸಂಬಳಕ್ಕಿಂತ ಹೆಚ್ಚಾಗಿ ಮನುಷ್ಯರ ಘನತೆಗಾಗಿ ನಡೆದಿರುವ ಮುಷ್ಕರ ಎಂದು ಅವರು ಹೇಳುತ್ತಿದ್ದರು. ಸಂಬಳ ಹೆಚ್ಚಿಸಿ ಬಾಯಿ ಮುಚ್ಚಿಸುವುದು ಕಂಪನಿಗೆ ಸುಲಭವಿತ್ತು, ಮುಷ್ಕರ ಶುರುವಾದ ಮೇಲೆ ಒಳಗಿದ್ದವರಿಗೆ ಸಂಬಳ ಹೆಚ್ಚಿದ್ದೂ ಉಂಟು. ಕೈ ಎತ್ತಿ ಅಪ್ಪಣೆ ಕೇಳುವ ಸ್ಥಿತಿಯಿಂದ ಕುರ್ಚಿ ಎಳೆದುಕೊಂಡು ಎದುರು ಕೂರುವ ಸ್ಥಿತಿಗೆ ಬರುವುದಕ್ಕೆ ಸಂಘವೇ ಬೇಕಿತ್ತು.

ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರಿಗೆ ಇದನ್ನು ಯಾರೂ ವಿವರಿಸಬೇಕಿಲ್ಲ. 2016ರ ಏಪ್ರಿಲ್‌ನಲ್ಲಿ ಭವಿಷ್ಯ ನಿಧಿಯ ಹಣ ತೆಗೆಯುವುದಕ್ಕೆ ಕೇಂದ್ರ ಸರ್ಕಾರ ನಿರ್ಬಂಧ ಹೇರಿದಾಗ, ಸಾವಿರಾರು ಹೆಂಗಸರು ಯಾವ ಮುಖಂಡರ ಕರೆಗೂ ಕಾಯದೆ ಕಾರ್ಖಾನೆಗಳಿಂದ ರಸ್ತೆಗೆ ಇಳಿದರು. ಎರಡನೆಯ ದಿನವೇ ಸರ್ಕಾರ ಆದೇಶವನ್ನು ಹಿಂತೆಗೆದುಕೊಂಡಿತು. ಜಯಾಬೆನ್ ಹೊರಟ ಶುಕ್ರವಾರದಂತೆಯೇ ಅದೂ ಸಂಘಕ್ಕಿಂತ ಮೊದಲು ಹುಟ್ಟಿದ ಹೋರಾಟ. ಆದರೆ ಸರ್ಕಾರದ ಆದೇಶ ಒಂದು ದಿನದಲ್ಲಿ ಬದಲಾಗಬಹುದು. ಸೂಪರ್‌ವೈಸರ್‌ನ ಬಾಯಿ, ದಿನದ ಟಾರ್ಗೆಟ್, ಶೌಚಾಲಯಕ್ಕೆ ಹೋದ ನಿಮಿಷಗಳ ಲೆಕ್ಕ ದಿನವೂ ಇರುವಂಥವು. ಅವುಗಳನ್ನು ಬದಲಿಸಲು ದಿನವೂ ಒಳಗೇ ಇರುವ ಸಂಘ ಬೇಕು, ಅದಕ್ಕೆ ಮಾನ್ಯತೆ ಬೇಕು.

ಗ್ರನ್ವಿಕ್‌ಗೆ ಮರಳೋಣ. 1977ರ ಜೂನ್ ಕೊನೆಯಲ್ಲಿ ಸರ್ಕಾರ ನ್ಯಾಯಮೂರ್ತಿ ಲಾರ್ಡ್ ಸ್ಕಾರ್ಮನ್ ನೇತೃತ್ವದಲ್ಲಿ ವಿಚಾರಣಾ ಸಮಿತಿ ನೇಮಿಸಿತು. ಆಗಸ್ಟ್‌ನಲ್ಲಿ ವರದಿ ಬಂತು: ವಜಾ ಮಾಡಿದವರನ್ನು ಮರಳಿ ತೆಗೆದುಕೊಳ್ಳಬೇಕು, ಸಂಘಕ್ಕೆ ಮಾನ್ಯತೆ ಕೊಟ್ಟರೆ ಕಂಪನಿಗೂ ಕಾರ್ಮಿಕರಿಗೂ ಒಳ್ಳೆಯದು. ವಾರ್ಡ್ ಒಪ್ಪಲಿಲ್ಲ. ಸಮಿತಿಯ ಶಿಫಾರಸು ಕಾನೂನಲ್ಲ, ಒಪ್ಪಲೇಬೇಕೆಂದಿರಲಿಲ್ಲ. ಅಷ್ಟರಲ್ಲಿ ಟಿಯುಸಿ ಮತ್ತು ಏಪೆಕ್ಸ್ ಮುಖಂಡರಿಗೂ ಈ ಗಲಾಟೆ ಮುಗಿದರೆ ಸಾಕಾಗಿತ್ತು. ತಮ್ಮದೇ ಆದ ಲೇಬರ್ ಪಕ್ಷದ ಸರ್ಕಾರಕ್ಕೆ ಬಹುಮತವೂ ಇಲ್ಲದ ಹೊತ್ತಿನಲ್ಲಿ ಟಿವಿಯಲ್ಲಿ ದಿನವೂ ಗೇಟಿನ ಮುಂದಿನ ಹೊಡೆದಾಟ ಕಾಣುವುದು ಅವರಿಗೆ ಬೇಡವಾಗಿತ್ತು. ಅಂಚೆ, ನೀರು, ವಿದ್ಯುತ್ ಪೂರೈಕೆ ನಿಲ್ಲಿಸಿ ಎಂಬ ಮುಷ್ಕರನಿರತರ ಬೇಡಿಕೆಗೆ ಸಿಹಿ ಮಾತಿನ ಉತ್ತರ ಸಿಗುತ್ತಿತ್ತೇ ಹೊರತು ಕೆಲಸ ಆಗುತ್ತಿರಲಿಲ್ಲ.

ಟಿಯುಸಿಯ ಬೆಂಬಲ ಮೊಣಕೈಗೆ ಹಚ್ಚಿದ ಜೇನಿನ ಹಾಗೆ, ವಾಸನೆ ಬರುತ್ತದೆ, ಮುಟ್ಟಿದರೆ ಗೊತ್ತಾಗುತ್ತದೆ, ರುಚಿ ಮಾತ್ರ ಸಿಗುವುದಿಲ್ಲ ಎಂದರು ಜಯಾಬೆನ್. ಇಂಗ್ಲಿಷರಿಗೆ ಇದು ಹೊಸ ರೂಪಕ ಎನಿಸಿತು. ಗುಜರಾತಿಯಲ್ಲಿ ಮೊಣಕೈಗೆ ಬೆಲ್ಲ ಅಂಟಿಸುವುದು ಎಂಬ ನುಡಿಗಟ್ಟೇ ಇದೆ. ನಾವಾದರೆ ಮೂಗಿಗೆ ತುಪ್ಪ ಸವರಿದರು ಎನ್ನುತ್ತೇವೆ. ಮನೆಮಾತಿನ ಗಾದೆಯೊಂದನ್ನು ಪರದೇಶದ ಕಾರ್ಮಿಕ ಮುಖಂಡರ ಮುಖಕ್ಕೆ ಹಿಡಿದ ರೀತಿಯಲ್ಲಿ ಆಕೆಯ ಸ್ವಭಾವ ಪೂರ್ತಿ ಕಾಣುತ್ತದೆ.

1977ರ ನವೆಂಬರ್ 21ರಂದು ಜಯಾಬೆನ್ ಮತ್ತು ಮೂವರು ಸಂಗಾತಿಗಳು ಟಿಯುಸಿಯ ಪ್ರಧಾನ ಕಚೇರಿಯ ಮುಂದೆ, ಚಳಿಯಲ್ಲಿ, ಉಪವಾಸ ಕುಳಿತರು. ಮಾಲೀಕನ ಮನೆ ಮುಂದೆ ಕೂರದೆ ತಮ್ಮವರೇ ಆದ ಕಾರ್ಮಿಕ ನಾಯಕರ ಬಾಗಿಲಲ್ಲಿ ಕುಳಿತದ್ದು ಗಮನಿಸಬೇಕಾದದ್ದು. ಏಪೆಕ್ಸ್ ಅವರ ಸದಸ್ಯತ್ವವನ್ನು ಅಮಾನತು ಮಾಡಿತು, ಮುಷ್ಕರದ ಭತ್ಯೆಯನ್ನೂ ನಿಲ್ಲಿಸಿತು. ಮುಂದಿನ ತಿಂಗಳು ಹೌಸ್ ಆಫ್ ಲಾರ್ಡ್ಸ್ ತೀರ್ಪು ಬಂತು. 1978ರ ಜುಲೈ 14ರಂದು ಮುಷ್ಕರ ಮುಗಿಯಿತು. ಯಾರಿಗೂ ಕೆಲಸ ಮರಳಿ ಸಿಗಲಿಲ್ಲ.

ಜಯಾಬೆನ್ ಆಮೇಲೆ ಹೊಲಿಗೆಗೆ ಮರಳಿದರು, ಮುಂದೆ ಹ್ಯಾರೋದ ಕಾಲೇಜಿನಲ್ಲಿ ಭಾರತೀಯ ಉಡುಪುಗಳ ಹೊಲಿಗೆ ಕಲಿಸಿದರು. ಅರುವತ್ತರ ವಯಸ್ಸಿನಲ್ಲಿ ಕಾರು ಓಡಿಸಲು ಕಲಿತು ಪರೀಕ್ಷೆ ಪಾಸು ಮಾಡಿದರು, ಗೆಳತಿಯರಿಗೂ ಕಲಿಯಿರಿ ಎಂದು ಹುರಿದುಂಬಿಸಿದರು. 2010ರ ಡಿಸೆಂಬರ್‌ನಲ್ಲಿ ತೀರಿಕೊಂಡರು. 2016ರಲ್ಲಿ ಬಿಬಿಸಿ ರೇಡಿಯೋ, ಎಪ್ಪತ್ತು ವರ್ಷಗಳಲ್ಲಿ ಬ್ರಿಟನ್ನಿನ ಹೆಂಗಸರ ಬದುಕಿನ ಮೇಲೆ ಪ್ರಭಾವ ಬೀರಿದ ಏಳು ಹೆಸರುಗಳನ್ನು ಆರಿಸಿದಾಗ ಮಾರ್ಗರೆಟ್ ಥ್ಯಾಚರ್ ಜೊತೆ ಜಯಾಬೆನ್ ದೇಸಾಯಿಯೂ ಇದ್ದರು.

ಅದೇ ಥ್ಯಾಚರ್ ಸರ್ಕಾರ 1980ರಲ್ಲಿ ಮಾನ್ಯತೆಯ ಆ ಪ್ರಕ್ರಿಯೆಯನ್ನೇ ಕಾಯ್ದೆಯಿಂದ ಕಿತ್ತುಹಾಕಿತು. ಒಂದು ಕಾರ್ಖಾನೆಯ ಮುಷ್ಕರಕ್ಕೆ ಇನ್ನೊಂದು ಕಡೆಯ ಕಾರ್ಮಿಕರು ಕೈಜೋಡಿಸುವುದು, ಅಂದರೆ ಕ್ರಿಕಲ್‌ವುಡ್ ಅಂಚೆ ನೌಕರರು ಮಾಡಿದಂಥದ್ದು, ಹಂತಹಂತವಾಗಿ ನಿರ್ಬಂಧಗಳಿಗೆ ಒಳಗಾಗಿ 1990ರ ಹೊತ್ತಿಗೆ ಬಹುತೇಕ ಕಾನೂನುಬಾಹಿರವಾಯಿತು. ಮಾನ್ಯತೆಯ ಕಾನೂನು ಮತ್ತೆ ಬಂದದ್ದು 1999ರ ಉದ್ಯೋಗ ಸಂಬಂಧಗಳ ಕಾಯ್ದೆಯಲ್ಲಿ, ಜಾರಿಯಾದದ್ದು 2000ದ ಜೂನ್‌ನಲ್ಲಿ. ಅದರಲ್ಲೊಂದು ಪುಟ್ಟ ನಿಯಮವಿದೆ. ಸಂಘ ಬೇಕೇ ಬೇಡವೇ ಎಂದು ಕಾರ್ಮಿಕರ ಮತ ಕೇಳುವುದೆಂದು ನಿರ್ಧಾರವಾದರೆ, ಮಾಲೀಕ ಅವರೆಲ್ಲರ ಹೆಸರು ಮತ್ತು ಮನೆ ವಿಳಾಸವನ್ನು ಹತ್ತು ಕೆಲಸದ ದಿನಗಳೊಳಗೆ ಪಂಚಾಯಿತಿ ಸಮಿತಿಗೆ ಒಪ್ಪಿಸಬೇಕು. ಆದೇಶವನ್ನೂ ಮೀರಿ ಕೊಡದೆ ಹೋದರೆ, ಮತವನ್ನೇ ಕೇಳದೆ ಸಂಘಕ್ಕೆ ಮಾನ್ಯತೆ ಇದೆ ಎಂದು ಸಮಿತಿ ಘೋಷಿಸಬಹುದು. ಈ ನಿಯಮ ಜಾರಿಗೆ ಬಂದಾಗ ಜಯಾಬೆನ್ ಅವರಿಗೆ 67 ವರ್ಷ.